ಹೊನ್ನಪ್ಪನ ಕ್ಲಾರಿನೆಟ್ಟು

“ವಿಜಯೇಂದ್ರ ಅಂದ್ರೆ ನೀವೇನಾ ಸಾರ್?”

ಗಂಜಾಂನ ಮನೆಯ ಜಗಲಿಯಲ್ಲಿ ಗ್ರಾಮಫೋನ್ ಪ್ಲೇಟು ಒರೆಸುತ್ತಿದ್ದವನು ತಲೆಯೆತ್ತಿದ. ಕಿಕ್ಕೇರಿಯ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದ ಅರ್ಪಿತ ರಜೆ ಹಾಕಿ ಬಂದಿದ್ದಳು, ಜಗಳಕ್ಕೆಂದೇ. ಯಾರೋ ಮುದುಕರಿರುತ್ತಾರೆ ಅಂದುಕೊಂಡಿದ್ದಳು. ಇವನಿಗೆ ಮೂವತ್ತೂ ಇರಲಿಕ್ಕಿಲ್ಲ. ಕಣ್ಣುಗಳಂತೂ ಜಗಳ ಮರೆಸುವ ಹಾಗಿದ್ದವು.

“ನಮ್ ಮುತ್ತಾತ ಹೊನ್ನಪ್ಪ ಬ್ಯಾಂಡಿನ್ ಪ್ಲೇಟಲ್ಲಿ ಊದಿದ್ ಕ್ಲಾರಿನೆಟ್ಟಿಗೆ ನಿಮ್ ವೆಬ್‌ಸೈಟಲ್ಲಿ ಪಿಂಟೊ ಅಂತ ಎಸ್ರು ಆಕ್ಬುಟ್ಟಿದ್ದೀರಲ್ಲ, ಯಾಕೆ?”

ವಿಜಯೇಂದ್ರ ಹೈಸ್ಕೂಲು ಮೇಷ್ಟ್ರು. ಹಳೆಯ ದೊಡ್ಡ ಜಾಝ್ ಬ್ಯಾಂಡುಗಳ ಯಾವ ಪ್ಲೇಟು ಯಾವ ದಿನ ರೆಕಾರ್ಡ್ ಆಯಿತು, ನಡುವೆ ಒಬ್ಬರೇ ನುಡಿಸಿದವರು ಯಾರು ಎಂದು ಪತ್ತೆ ಹಚ್ಚಿ ತನ್ನ ವೆಬ್‌ಸೈಟಿಗೆ ಹಾಕುವುದು ಅವನ ಹುಚ್ಚು. ಅರ್ಪಿತ ಫೋಟೊ ಮುಂದಿಟ್ಟಳು. ಹಿಂದೆ ಬರೆದಿತ್ತು: 1936ರ ದೀಪಾವಳಿ, ಬೊಂಬಾಯಿ. ಆ ಪ್ಲೇಟಿನ ಬ್ಯಾಂಡಿನ ಹದಿನಾಲ್ಕು ಜನರಲ್ಲಿ ಕ್ಲಾರಿನೆಟ್ಟು ಹಿಡಿದವನು ಹೊನ್ನಪ್ಪ ಒಬ್ಬನೇ.

“ಆದರೆ ಪ್ಲೇಟು 1938ರದ್ದು. ಆಗ ಕ್ಲಾರಿನೆಟ್ಟು ಊದ್ತಿದ್ದವರು ಪಿಂಟೊ. ಆಗ ಇವರು ಬ್ಯಾಂಡಲ್ಲಿದ್ರಾ?”

“ಮೂವತ್ತೇಳರಲ್ಲೇ ಊರಿಗೆ ಬಂದ್ಬುಟ್ರು,” ಎಂದವಳ ದನಿ ಇಳಿಯಿತು. “ನಮ್ಮಜ್ಜಿ ಪುಟ್ಟತಾಯಮ್ಮ ಅವರ ಮಗಳು. ‘ನಮ್ಮಪ್ಪ ಪ್ಲೇಟಲ್ಲಿ ಊದವ್ನೆ’ ಅಂತ ಜೀವಮಾನವೆಲ್ಲ ಯೋಳ್ತಾನೇ ಬಂದವ್ರೆ. ಎಲ್ರೂ ನಕ್ರು.”

ಅವನು ನಗಲಿಲ್ಲ. “ಮೂವತ್ತೆಂಟು ಅನ್ನೋದು ಅಂಗಡಿಗೆ ಬಂದ ವರ್ಷ ಇರಬಹುದು. ಲೇಬಲ್ಲಿನ ಪಕ್ಕ ಒಂದು ನಂಬರು ಕೊರೆದಿರ್ತಾರೆ. ಅದರಿಂದ ರೆಕಾರ್ಡ್ ಆದ ದಿನ ಗೊತ್ತಾಗುತ್ತೆ.”

“ನಮ್ ಮನೇಲಿರೋ ಪ್ಲೇಟು ಅರ್ಧ ಒಡ್ದೋಗದೆ, ನಂಬರಿರೋ ಚೂರೇ ಇಲ್ಲ.”

“ಇನ್ನೊಂದು ಹುಡುಕೋಣ, ಬನ್ನಿ.”

ಮೂರು ತಿಂಗಳ ಭಾನುವಾರಗಳು ಹೀಗೇ ಹೋದವು. ಪಾಂಡವಪುರದ ಗುಜರಿ ಅಂಗಡಿ, ಕೆ.ಆರ್. ಪೇಟೆಯ ಹಳೇ ಮನೆಗಳ ಅಟ್ಟ. ಬಸ್ಸಿನಲ್ಲಿ ಅವನು ಅವಳ ಕಿವಿಗೆ ಇಯರ್‌ಫೋನ್ ಇಟ್ಟು, ಕಹಳೆ ಯಾವುದು, ಸ್ಯಾಕ್ಸೊಫೋನ್ ಯಾವುದು ಎಂದು ಹೇಳಿಕೊಡುತ್ತಿದ್ದ. ಅವಳು ಬೇಕೆಂದೇ ತಪ್ಪು ಹೇಳುತ್ತಿದ್ದಳು. ಅವನು ಮತ್ತೆ ಮೊದಲಿಂದ ಶುರುಮಾಡಲಿ ಅಂತ.

ಕೊನೆಗೆ ನಾಗಮಂಗಲದಲ್ಲಿ, ಮದುವೆಗಳಿಗೆ ಬ್ಯಾಂಡ್‌ಸೆಟ್ ನುಡಿಸುತ್ತಿದ್ದ ಕರಿಯಯ್ಯನವರ ಟ್ರಂಕಿನಲ್ಲಿ ಆ ಪ್ಲೇಟು ಇಡಿಯಾಗಿ ಸಿಕ್ಕಿತು. ವಿಜಯೇಂದ್ರ ಅದನ್ನು ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದು ನಂಬರು ಓದಿದ. ಮೊಬೈಲಿನಲ್ಲಿ ರೆಕಾರ್ಡಿಂಗ್ ಕಂಪನಿಯ ನಂಬರುಗಳ ಪಟ್ಟಿ ನೋಡಿದ.

“ಇದರ ಹಿಂದಿನ ನಂಬರು, ಮುಂದಿನ ನಂಬರು, ಎರಡೂ 1936ರ ನವೆಂಬರ್ ಹತ್ತರಂದು ರೆಕಾರ್ಡ್ ಆಗಿವೆ. ಹಾಗಾದರೆ ಇದೂ ಅವತ್ತೇ. ಪಿಂಟೊ ಬ್ಯಾಂಡಿಗೆ ಸೇರಿದ್ದೇ ಮೂವತ್ತೇಳರಲ್ಲಿ! ಅರ್ಪಿತ, ನಿಮ್ಮ ಮುತ್ತಾತನೇ!”

ಅವಳು ಕರಿಯಯ್ಯನವರ ಎದುರಿಗೇ ಅವನ ತೋಳು ಹಿಡಿದು ಕುಣಿದಳು.

ಅಂದೇ ಸಂಜೆ ಕಿಕ್ಕೇರಿಯಲ್ಲಿ, ಅರ್ಪಿತಳ ಮನೆಯ ಗ್ರಾಮಫೋನಿನಲ್ಲಿ ಪ್ಲೇಟು ತಿರುಗಿತು. ಹಿತ್ತಾಳೆ ವಾದ್ಯಗಳ ಅಬ್ಬರ ತಗ್ಗಿ, ಒಂದೇ ಒಂದು ಕ್ಲಾರಿನೆಟ್ಟು ಮೇಲೆದ್ದಿತು. ಪುಟ್ಟತಾಯಮ್ಮ ಕಣ್ಣು ಮುಚ್ಚಿದರು.

“ನಮ್ಮಪ್ಪನೇ ಕಣವ್ವ. ಈಗ ನಗ್ಲಿ ನೋಡವ!”

ಅಲ್ಲೇ ಚಾಪೆಯ ಮೇಲೆ ಕೂತು ವಿಜಯೇಂದ್ರ ಮೊಬೈಲಿನಲ್ಲಿ ವೆಬ್‌ಸೈಟು ತೆರೆದು, ಪಿಂಟೊ ಹೆಸರು ಅಳಿಸಿ ‘ಕಿಕ್ಕೇರಿ ಹೊನ್ನಪ್ಪ’ ಎಂದು ಬರೆದ. ಅಜ್ಜಿ ಆ ಅಕ್ಷರಗಳನ್ನು ಬೆರಳಿನಿಂದ ಸವರಿದರು.

ಬೀಳ್ಕೊಡಲು ಬಾಗಿಲವರೆಗೆ ಬಂದ ಅರ್ಪಿತ ಕೇಳಿದಳು, “ಇನ್ಮೇಲೆ ಭಾನುವಾರ ಬರೋಕೆ ನಿಮ್ಗೆ ಕೆಲ್ಸ ಇಲ್ವಲ್ಲ ಮೇಷ್ಟ್ರೇ?”

“ನೀವು ಹೂಂ ಅಂದ್ರೆ ಭಾನುವಾರ ಮಾತ್ರ ಅಲ್ಲ, ದಿನಾ ನಿಮ್ಮ ಜೊತೆಗಿರ್ತೀನಿ. ನಿಮ್ಮನ್ನ ತುಂಬಾ ಪ್ರೀತಿಸ್ತೀನಿ ಅರ್ಪಿತ.”

ಅವಳ ಮುಖ ಕೆಂಪಾಯಿತು. ಆದರೂ ತಲೆ ತಗ್ಗಿಸಲಿಲ್ಲ.

“ಇದನ್ನ ಯೋಳೋಕೆ ಮೂರ್ ತಿಂಗ್ಳು ಬೇಕಾಯ್ತಾ? ಹೂಂ ಕಣ್ರೀ, ಸಾವ್ರ ಸಲ ಹೂಂ. ನಡೀರಿ ಒಳಕ್ಕೆ, ನಮ್ಮಪ್ಪ ಅವ್ರೆ, ಈಗ್ಲೇ ಮಾತಾಡಿ,” ಎಂದು ಅವನ ಕೈ ಹಿಡಿದು ಎಳೆದುಕೊಂಡೇ ಹೋದಳು.