ಇಬ್ಬರು ಮಲಿಕಾ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಮುಂಬೈನ ಸಯನ್ ಭಾಗದ ಪೊಲೀಸ್ ಠಾಣೆಗೆ ದೂರು ತಂದವನು ಶಾಹೀದ. ವಿಜಯಪುರದ ಕಡೆಯವನು, ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುತ್ತಾನೆ. ಹಿಂದಿನ ದಿನ ಅವನ ಹೆಂಡತಿ ಮಲಿಕಾ ಖಾಸಗಿ ನರ್ಸಿಂಗ್ ಹೋಮಿನಲ್ಲಿ ತೀರಿಕೊಂಡಿದ್ದಳು.

“ಕಿಡ್ನಿ ತ್ರಾಸಿತ್ರಿ, ಖರೆ. ಆದ್ರ ಚಹಾ ಕುಡದು ಮಾತಾಡ್ಕೋತ ಕುಂತಿದ್ಲು. ನರ್ಸ್ ಸಲೈನ್‌ನ್ಯಾಗ ಏನೋ ಹಾಕಿದ್ಲು. ಅಷ್ಟ.”

ಇನ್‌ಸ್ಪೆಕ್ಟರ್ ಗುರುಪಾದ ಎಫ್‌ಐಆರ್ ದಾಖಲಿಸಿದರು. ರಕ್ತದಲ್ಲಿ ಪೊಟ್ಯಾಸಿಯಂ ಮೊದಲೇ ಹೆಚ್ಚಿದ್ದವಳಿಗೆ ಮತ್ತೆ ಅದನ್ನೇ ಕೊಡಲಾಗಿದೆ ಎಂದು ವೈದ್ಯಕೀಯ ಸಮಿತಿ ವರದಿ ಕೊಟ್ಟಿತು. ಅದನ್ನು ಕೊಟ್ಟ ನರ್ಸ್ ಪ್ರಫುಲ್ಲಾಳನ್ನು ಅಷ್ಟರಲ್ಲಿ ಕೆಲಸದಿಂದ ತೆಗೆದಾಗಿತ್ತು.

“ವಾರ್ಡಿನ ಸ್ಕ್ರೀನ್ ಮೇಲೆ ಪೊಟ್ಯಾಸಿಯಂ ಕಡಿಮೆ ಅಂತಾನೇ ಇತ್ತು ಸರ್,” ಎಂದು ಅವಳು ಅತ್ತಳು. ಈಗ ಅದೇ ಸ್ಕ್ರೀನ್ ‘ಹೆಚ್ಚು’ ಎಂದು ತೋರಿಸುತ್ತಿತ್ತು.

ವಾರ್ಡಿನಲ್ಲಿ ವಿಚಾರಿಸಿ ಬಂದ ಕಾನ್‌ಸ್ಟೇಬಲ್ ಇಂದ್ರಾಬಾಯಿ ಹೇಳಿದಳು: “ಸರ್, ಆ ದಿನ ಅಲ್ಲಿ ಇನ್ನೊಬ್ಬಳು ಮಲಿಕಾ ಇದ್ದಳು. ವಾಂತಿ ಕೇಸ್. ಪೊಟ್ಯಾಸಿಯಂ ಕಡಿಮೆ ಇದ್ದದ್ದು ಅವಳಿಗೆ.”

ಪಂಚನಾಮೆ ಮಾಡಿ ಕಂಪ್ಯೂಟರ್ ವಶಪಡಿಸಿಕೊಂಡರು. ಲ್ಯಾಬ್ ಇಬ್ಬರ ವರದಿಯನ್ನೂ ‘ಮಲಿಕಾ ೧’, ‘ಮಲಿಕಾ ೨’ ಎಂದು ಕಳಿಸಿತ್ತು. ಅದನ್ನು ವಾರ್ಡಿನ ಸ್ಕ್ರೀನಿಗೆ ತಲುಪಿಸುವ ಕಂಪ್ಯೂಟರ್ ಪ್ರೋಗ್ರಾಂ ಹೆಸರಿನಿಂದ ಅಕ್ಷರ ಮಾತ್ರ ಆರಿಸಿಕೊಂಡು ಅಂಕಿಯನ್ನು ಬಿಟ್ಟಿತ್ತು; ಹೀಗೆ ಇಬ್ಬರೂ ಒಬ್ಬಳಾಗಿ, ಒಬ್ಬಳ ವರದಿ ಇನ್ನೊಬ್ಬಳದೆಂದು ಕಾಣಿಸಿತ್ತು. ಸಾವಿನ ನಂತರ ಯಾರೋ ಪ್ರೋಗ್ರಾಂನ ಆ ಸಾಲನ್ನೂ ಮಲಿಕಾಳ ದಾಖಲೆಯನ್ನೂ ತಿದ್ದಿದ್ದರು ಎಂದಿತು ಸೈಬರ್ ವಿಭಾಗ.

ಪ್ರೋಗ್ರಾಂ ಬರೆದವನು ಬೆಳಗಾವಿಯ ಶ್ರೀಶೈಲ, ಆ ನರ್ಸಿಂಗ್ ಹೋಮಿನ ನೌಕರ.

“ಹೆಸರಿನಾಗ ಚುಕ್ಕಿ, ಗೆರಿ ಎಲ್ಲಾ ಬರ್ತಿದ್ವು ಸರ್. ಅಕ್ಷರ ಅಷ್ಟ ಉಳಿಸಿದೆ. ಅಂಕಿನೂ ಹೋಗ್ತಾವಂತ ಹೊಳೀಲಿಲ್ಲ.”

“ಯಾವಾಗ ಗೊತ್ತಾತು?” ಎಂದರು ಗುರುಪಾದ.

“ಆಕಿ ಸಾಯೂ ಹಿಂದಿನ ದಿನ. ಲ್ಯಾಬಿನವ್ರು ಫೋನ್ ಮಾಡಿದ್ರು. ಸರಿ ಮಾಡೇನಿ ಅಂತ ಸುಳ್ಳು ಹೇಳಿದೆ. ಪ್ರೋಗ್ರಾಂ ಬಂದ್ ಮಾಡಿದ್ರ ನನ್ನ ತಪ್ಪು ಹೊರಗ ಬರ್ತಿತ್ತು.”

“ದಾಖಲೆ ತಿದ್ದಿ ಪ್ರಫುಲ್ಲಾಳ ತಲಿಗೆ ಯಾಕ ಕಟ್ಟಿದಿ?”

“ಆಕಿಗೆ ಬ್ಯಾರೆ ಕಡೆ ಕೆಲ್ಸ ಸಿಗ್ತದ ಅನ್ಕೊಂಡೆ. ನನಗ ಈ ಕೆಲ್ಸಾನ ಬೇಕಿತ್ತು ಸರ್. ಅಪ್ಪನ ಡಯಾಲಿಸಿಸ್ ಅಲ್ಲೇ ಪುಕ್ಕಟ ಆಗ್ತದ.”

ನಿರ್ಲಕ್ಷ್ಯದ ಸಾವು, ಸಾಕ್ಷ್ಯನಾಶದ ಆರೋಪದ ಮೇಲೆ ಬಂಧನವಾಯಿತು. ಸುದ್ದಿ ಮುಟ್ಟಿಸಲು ಇಂದ್ರಾಬಾಯಿ ಹೋದಾಗ ಶ್ರೀಶೈಲನ ತಂದೆ ಕಾಶಪ್ಪ ಅದೇ ನರ್ಸಿಂಗ್ ಹೋಮಿನಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದ. ಅವಳು ಏನನ್ನೂ ಮುಚ್ಚಿಡಲಿಲ್ಲ.

“ಆ ಸತ್ತ ಹೆಣ್ಮಗಳಿಗೆ ಮಕ್ಕಳದಾವೇನು?” ಎಂದ ಮುದುಕ.

“ಇಬ್ಬರು.”

ಕಾಶಪ್ಪ ಕಣ್ಣು ಮುಚ್ಚಿದ. ಆಮೇಲೆ ನರ್ಸನ್ನು ಕರೆದು, ನಳಿಗೆ ಚುಚ್ಚಿದ್ದ ತೋಳನ್ನು ಮುಂದೆ ಚಾಚಿದ.

“ಸಾಕವ್ವಾ. ತಗದಬಿಡು.”