ಒಂದೇ ಸಾಲಿನ ಸುದ್ದಿ

"ಟೀವಿಯೋರು ನೀವೇ ತಾನೆ? ಬೈಕ್ ನಿಲ್ಸಿ."

ಎಚ್.ಡಿ. ಕೋಟೆಯ ತಾಲ್ಲೂಕು ಕಚೇರಿ ಗೇಟಿನಲ್ಲಿ, ಹೊರಟಿದ್ದ ಬೈಕಿಗೆ ಅಡ್ಡ ನಿಂತಿದ್ದಳು ವನಿತಾ. ಕಾಡಂಚಿನಲ್ಲಿ ಬುಡಕಟ್ಟು ಜನರಿರುವ ಹಾಡಿಯೊಂದರ ಅಂಗನವಾಡಿ ಟೀಚರ್ ಅವಳು. ಗುರುತಿಲ್ಲದ ಗಂಡಸನ್ನು ಹೀಗೆ ತಡೆದದ್ದು ಜೀವನದಲ್ಲೇ ಮೊದಲು. ಆದರೂ ಅವಳ ಕಾಲು ಕದಲಲಿಲ್ಲ.

ಬೈಕಿನ ಮೇಲಿದ್ದವನು ಮಾದೇಶ. ಮೈಸೂರಿನ ಸುದ್ದಿ ಚಾನೆಲ್ಲೊಂದಕ್ಕೆ ಈ ತಾಲ್ಲೂಕಿನ ವರದಿಗಾರ. ಕ್ಯಾಮೆರಾ ಹಿಡಿಯುವವನೂ ಅವನೇ, ಮೈಕು ಹಿಡಿಯುವವನೂ ಅವನೇ.

ಅವನು ಹೆಲ್ಮೆಟ್ ತೆಗೆದು ನಕ್ಕ. "ಏನ್ ಸುದ್ದಿ? ಒಂದೇ ಸಾಲಲ್ಲಿ ಯೋಳಿ. ಮೈಸೂರು ಆಫೀಸ್ನೋರು ಎರಡ್ನೇ ಸಾಲು ಓದಕ್ಕಿಲ್ಲ."

ಪಾಪ, ಅವಳು ಎರಡು ಪುಟ ಬರೆದು ತಂದಿದ್ದಳು! ಕಾಗದವನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡು ಒಂದು ಕ್ಷಣ ಯೋಚಿಸಿದಳು.

"ನಮ್ಮ ಹಾಡಿಯ ಒಂಬತ್ತು ಹೆಣ್ಮಕ್ಳು ಸೋಮವಾರದಿಂದ ಕಾಲೇಜಿಗೆ ಓಗಕ್ಕಿಲ್ಲ."

ಮಾದೇಶನ ನಗು ನಿಂತಿತು.

ಬೆಳಗ್ಗೆ ಏಳೂಕಾಲಕ್ಕೆ ಹಾಡಿಯ ಕ್ರಾಸಿಗೆ ಬರುತ್ತಿದ್ದದ್ದು ಷಣ್ಮುಖಪ್ಪನವರ ಖಾಸಗಿ ಬಸ್ಸು, ಅದೊಂದೇ. ಈಗ ಅದು ರೆಸಾರ್ಟಿನ ಕೆಲಸದವರನ್ನು ಸಾಗಿಸಲು ಬೇರೆ ದಾರಿ ಹಿಡಿದಿತ್ತು. ಕಾಲೇಜಿನವರೆಗೆ ಐದು ಮೈಲಿ ನಡೆಯೋಣವೆಂದರೆ ಆನೆ ಓಡಾಡುವ ದಾರಿ. ಭಾನುವಾರದವರೆಗೆ ನೋಡುತ್ತೇವೆ, ಆಮೇಲೆ ಹುಡುಗಿಯರು ಕೂಲಿಗೆ ಬರಲಿ ಎಂದು ಹೆತ್ತವರು ತೀರ್ಮಾನಿಸಿದ್ದರು. ಆ ಒಂಬತ್ತರಲ್ಲಿ ವನಿತಾಳ ತಂಗಿ ಕಾವ್ಯಾಳೂ ಇದ್ದಳು.

ಮಾರನೆಯ ದಿನವೇ ಮಾದೇಶ ಹಾಡಿಗೆ ಬಂದ. ದಾರಿಯನ್ನು ಚಿತ್ರೀಕರಿಸಿದ, ಹುಡುಗಿಯರನ್ನು ಮಾತಾಡಿಸಿದ. ಹಾಡಿಯ ಹಿರಿಯಜ್ಜಿ ಜವರಿ ಮೈಕಿಗೆ ಬಾಯಿಟ್ಟು, ಊಟ ಮಾಡಿದೆಯಾ ಮಗಾ ಎಂದು ಅವನನ್ನೇ ವಿಚಾರಿಸಿದಾಗ ಎಲ್ಲರೂ ನಕ್ಕರು. ಶನಿವಾರದ ಸುದ್ದಿಯಲ್ಲಿ ಬರುತ್ತದೆ ಎಂದು ಹೇಳಿ ಮಾದೇಶ ವನಿತಾಳಿಗೆ ತನ್ನ ನಂಬರ್ ಕೊಟ್ಟ. ಬೀಚನಹಳ್ಳಿ ಕಡೆಯ ಹಾಡಿಯಲ್ಲಿ ಹುಟ್ಟಿದ ತಾನೂ ಬಸ್ಸಿಲ್ಲದೆ ಒಂದು ವರ್ಷ ಕಾಲೇಜು ಬಿಟ್ಟವನೇ ಎಂದು ಅವನು ಹೊರಡುವಾಗ ಮೆಲ್ಲಗೆ ಹೇಳಿದ.

'ಇವನು ನಮ್ಮವನು...' ಅನ್ನಿಸಿತು ವನಿತಾಳಿಗೆ. ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದಳು.

ಶನಿವಾರ ಸಂಜೆ ಏಳಕ್ಕೆ ಹಾಡಿಯ ಜನವೆಲ್ಲ ಅವಳ ಅಪ್ಪ ದೊಡ್ಡಬೊಮ್ಮನ ಮನೆಯ ಟೀವಿ ಮುಂದೆ ಕೂತಿತ್ತು. ಹಂಪಾಪುರದ ಹೊಲದಲ್ಲಿ ಕಂಡ ಚಿರತೆಯ ಸುದ್ದಿ ಬಂತು. ಹುಣಸೂರಿನ ತಂಬಾಕಿನ ಸುದ್ದಿ ಬಂತು. ಹಾಡಿಯ ಸುದ್ದಿ ಬರಲೇ ಇಲ್ಲ.

ಕಾವ್ಯಾ ಎದ್ದು ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದಳು.

ಹಿಂದಿನ ದಿನ ಮಾದೇಶ ಷಣ್ಮುಖಪ್ಪನವರ ಜಗಲಿಯಲ್ಲಿ ಎರಡು ಗಂಟೆ ಕಾಫಿ ಕುಡಿಯುತ್ತಾ ಕೂತಿದ್ದನ್ನು ಕಣ್ಣಾರೆ ಕಂಡೆ ಎಂದು ಯಾರೋ ಅಂದರು. ವನಿತಾಳ ಮೈಯೆಲ್ಲ ಉರಿದುಹೋಯಿತು. 'ಮಾರಿಕೊಂಡುಬಿಟ್ಟ... ನಾನೇ ಪೆದ್ದಿ.' ಅವನಿಗೆ ಒಂದೇ ಸಾಲಿನ ಮೆಸೇಜು ಕಳಿಸಿದಳು: "ಕಾಫಿ ಚೆನ್ನಾಗಿತ್ತಾ?"

ಅವನು ಉತ್ತರಿಸುವ ಮೊದಲೇ ನಂಬರನ್ನು ಬ್ಲಾಕ್ ಮಾಡಿದಳು. ಆಮೇಲೆ ಒಲೆಯ ಹೊಗೆಯ ನೆಪದಲ್ಲಿ ಅತ್ತಳು. ತಂಗಿಗಾಗಿ ಅತ್ತದ್ದೆಷ್ಟು, ಅವನಿಗಾಗಿ ಅತ್ತದ್ದೆಷ್ಟು, ಅವಳಿಗೇ ಗೊತ್ತಿಲ್ಲ.

ಸೋಮವಾರ ಬೆಳಗ್ಗೆ ಕ್ರಾಸಿನ ಪಕ್ಕದ ಅಂಗನವಾಡಿಯ ಅಂಗಳ ಗುಡಿಸುತ್ತಿದ್ದಳು. ಹಾರನ್ ಕೇಳಿಸಿತು.

ಏಳೂಕಾಲು. ಅದೇ ಬಸ್ಸು!

ಹಾಡಿಯ ಕಡೆಯಿಂದ ಹುಡುಗಿಯರು ಓಡಿ ಬಂದರು. ಕಾವ್ಯಾಳ ಜಡೆ ಅರ್ಧ ಹೆಣೆದಿತ್ತು, ಬ್ಯಾಗಿನ ತುಂಬ ಅಟ್ಟದ ಧೂಳು. ಒಂಬತ್ತೂ ಜನ ಹತ್ತಿದ್ದನ್ನು ಎಣಿಸಿ ನೋಡಿದ ಮೇಲೆ ವನಿತಾಳಿಗೆ ಉಸಿರು ಬಂತು. ಆಗಲೇ ಕಂಡಿದ್ದು, ಹಿಂದಿನ ಸೀಟಿನಲ್ಲಿ ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮಾದೇಶ.

ಕಂಡಕ್ಟರ್ ಮಲ್ಲೇಶ್ ತಾನಾಗಿ ಬಾಯಿ ಬಿಟ್ಟ. "ಸುದ್ದಿ ಆಕ್ಬ್ಯಾಡಿ ಅಂತ ನಮ್ಮ ಯಜಮಾನ್ರು ಕೈ ಮುಗುದ್ರು ಕಣಕ್ಕ. ಸೋಮವಾರ ಬಸ್ಸು ಬುಟ್ರೆ ಆಕಕ್ಕಿಲ್ಲ, ಬುಡ್ದಿದ್ರೆ ಅವತ್ತೇ ಸಂಜೆ ಆಕ್ತೀನಿ ಅಂದ್ರು ಇವ್ರು. ಇನ್ಮ್ಯಾಕೆ ಕಾಲೇಜು ಟ್ರಿಪ್ ಮುಗಿಸ್ಕಂಡೇ ರೆಸಾರ್ಟಿಗೆ."

ವನಿತಾ ಪೊರಕೆಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು. ಅಂಗನವಾಡಿ ತೆರೆಯಲು ಇನ್ನೂ ಎರಡು ಗಂಟೆಯಿತ್ತು.

ಅವನ ಪಕ್ಕದಲ್ಲಿ ಕೂತಳೇನೋ ಸರಿ, ಮುಖ ನೋಡುವ ಧೈರ್ಯ ಬರಲಿಲ್ಲ. ಮಾದೇಶನೇ ಹೇಳತೊಡಗಿದ: ಆ ಸುದ್ದಿಯನ್ನು ಶನಿವಾರದ ಮೊದಲ ಸುದ್ದಿ ಮಾಡಲು ಮೈಸೂರಿನವರು ಒಪ್ಪಿದ್ದರಂತೆ. ಅವನ ವರದಿಗೆ ಅಂಥ ಜಾಗ ಹಿಂದೆಂದೂ ಸಿಕ್ಕಿರಲಿಲ್ಲವಂತೆ. ಅದನ್ನು ಅವನೇ ತಡೆದಿದ್ದ. ಕೇಳುತ್ತಾ ಕೇಳುತ್ತಾ ಅವಳ ಕಣ್ಣು ತುಂಬಿತು.

"ಮೊದ್ಲೇ ಯೋಳ್ಬೋದಿತ್ತಲ್ಲ..."

"ಅವ್ರು ಮಾತು ಉಳಿಸ್ಕತಾರೋ ಇಲ್ವೋ, ನಂಗೇ ಗ್ಯಾರಂಟಿ ಇರ್ನಿಲ್ಲ. ಯೋಳಾವ ಅನ್ನೋಷ್ಟ್ರಲ್ಲಿ ನೀವು ಬ್ಲಾಕ್ ಮಾಡಿದ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಯಾರ ಮ್ಯಾಲೆ ಸುದ್ದಿ ಮಾಡ್ತೀವೋ ಅವ್ರ ಮಾತೂ ರೆಕಾರ್ಡ್ ಮಾಡ್ಕಬೇಕು, ಅದ್ಕೆ ಬೈಟ್ ಅಂತೀವಿ. ಅದ್ಕೇ ಕಣ್ರೀ ನಾನು ಷಣ್ಮುಖಪ್ಪನೋರ ಮನೆಗೆ ಓಗಿದ್ದು. ನೀವು ಮಾತ್ರ ನನ್ ಬೈಟ್ ತಗೊಳ್ದೇನೆ ಸುದ್ದಿ ಮುಗಿಸ್ಬುಟ್ರಿ."

ವನಿತಾಳಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ನಗುವೂ ಬಂತು. ಎದೆಯ ಮೇಲಿನ ಭಾರವೆಲ್ಲ ಇಳಿದುಹೋಗಿತ್ತು. ಫೋನು ತೆಗೆದು, ಅವನಿಗೆ ಕಾಣುವಂತೆಯೇ ನಂಬರನ್ನು ಅನ್‌ಬ್ಲಾಕ್ ಮಾಡಿದಳು.

"ಇನ್ನೊಂದು ಸುದ್ದಿ ಐತೆ," ಅಂದಳು.

"ಒಂದೇ ಸಾಲಲ್ಲಿ ಯೋಳಿ."

"ಒಬ್ಬ ಅಂಗನವಾಡಿ ಟೀಚರಿಗೆ ಒಬ್ಬ ವರದಿಗಾರನ್ನ ಕಂಡ್ರೆ ಬಾಳ ಇಷ್ಟ."

ಮುಂದಿನ ಸೀಟಿನಲ್ಲಿ ಕಾವ್ಯಾ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಮಾದೇಶ ತೊಡೆಯ ಮೇಲಿನ ಕ್ಯಾಮೆರಾವನ್ನು ಪಕ್ಕಕ್ಕಿಟ್ಟ. ಆಮೇಲೆ ಮೆಲ್ಲಗೆ ಕೇಳಿದ, "ಆ ವರದಿಗಾರನ ಬೈಟ್ ತಗೊಂಡ್ರಾ?"

"ಅದ್ಕೇ ಬಸ್ಸತ್ತಿದ್ದು. ಯೋಳಿ."

"ಅವ್ನಿಗೂ ಅಂಗೇ," ಅಂದ ಮಾದೇಶ. "ನೀವು ಬೈಕಿಗೆ ಅಡ್ಡ ನಿಂತಾಗ್ಲಿಂದ್ಲೂ."