ವೆಸ್ಕಾಟ್ ಕೌಂಟಿಯ ಮೊದಲ ನಡಾವಳಿ

ಬೆಳಿಗ್ಗೆ ಎಂಟಕ್ಕೆ ಕೌಂಟಿ ನ್ಯಾಯಾಲಯದ ದಾಖಲೆ ಕೋಣೆ ತೆರೆದ ಗುಮಾಸ್ತೆ ಆರ್ಲೀನ್ ನೇರ ಪೊಲೀಸ್ ಕಚೇರಿಗೆ ಓಡಿದಳು. ವೆಸ್ಕಾಟ್ ಕೌಂಟಿಯ ಮೊಟ್ಟಮೊದಲ ನಡಾವಳಿ ಪುಸ್ತಕ ಕಪಾಟಿನಲ್ಲಿರಲಿಲ್ಲ. ಬೀಗ ಮುರಿದಿರಲಿಲ್ಲ. ಕೀ ಇದ್ದದ್ದು ಅವಳೊಬ್ಬಳ ಬಳಿ.

"ಇಪ್ಪತ್ತಾರು ವರ್ಷದ ಕೆಲಸ ಕಣೇ ಮಾರ್ನಾ. ಸಂಜೆಯೊಳಗೆ ಸಿಗ್ಲಿಲ್ಲ ಅಂದ್ರೆ ಮನೆಗೆ ಕಳಿಸ್ತಾರಂತೆ."

ಕೌಂಟಿ ಪೊಲೀಸಿನ ಡೆಪ್ಯುಟಿ ಮಾರ್ನಾ ಹಾಲ್ವರ್ಸನ್ ಹಣೆ ಚಚ್ಚಿಕೊಂಡಳು. ಕಳುವಾಗಲು ಇವತ್ತೇ ಆಗಬೇಕಿತ್ತೆ? ಮಧ್ಯಾಹ್ನ ಎರಡಕ್ಕೆ ಆಡಳಿತ ಮಂಡಳಿಯ ಸಭೆ. ಕೌಂಟಿ ಕೇಂದ್ರವನ್ನು ಈಗಿರುವ ಆರ್ಡನ್ ಊರಿನಿಂದ ಹೆದ್ದಾರಿ ಪಕ್ಕದ ಪ್ಲಮ್ ಗ್ರೋವ್‌ಗೆ ಸಾಗಿಸಬೇಕೆ ಎಂದು ಮತ ಹಾಕುವ ದಿನ. ಆರ್ಡನ್ ತುಂಬ ಒಂದೇ ಮಾತು: ಪ್ಲಮ್ ಗ್ರೋವ್‌ನವರೇ ಕದ್ದರು. ಮಾರ್ನಾ ಇಪ್ಪತ್ತು ಮೈಲಿ ದೂರದ ಆ ಊರಿಗೆ ಹೊರಟಳು.

*

"ಕೇಂದ್ರ ನಮಗೇ ಬೇಕು ಅಂತ ನಮ್ಮ ಮುತ್ತಜ್ಜಂದಿರು ಬಂಡಿ ಕಟ್ಕೊಂಡು ಬಂದು ನಿಮ್ಮ ಪುಸ್ತಕ ಹೊತ್ಕೊಂಡು ಹೋಗಿದ್ದು ನಿಜ," ಎಂದಳು ಪ್ಲಮ್ ಗ್ರೋವ್ ಮೇಯರ್. "ನೂರ ನಲವತ್ತು ವರ್ಷ ಆಯ್ತು, ವಾಪಸ್ಸೂ ಕೊಟ್ಟಾಯ್ತು. ಇನ್ನೂ ಎಷ್ಟು ಸಲ ಬಂದು ಕೇಳ್ತೀರಮ್ಮ? ಮಂಡಳಿಯ ಮೂರರಲ್ಲಿ ಎರಡು ವೋಟು ನಮ್ಮ ಕಡೆಗಿದೆ. ಗೆಲ್ಲೋ ಆಟದಲ್ಲಿ ಯಾರಾದ್ರೂ ಕದೀತಾರಾ?"

ಮಾರ್ನಾ ಟೋಪಿ ಹಾಕಿಕೊಂಡು ಎದ್ದಳು. ಮೇಯರ್ ಕೊಟ್ಟ ಕಾಫಿ ತಣ್ಣಗಿತ್ತು.

*

ಹಿಂದಿರುಗಿದಾಗ ಇತಿಹಾಸ ಸಂಘದ ಅಧ್ಯಕ್ಷ ಲೈಲ್ ಪ್ರೂಯಿಟ್ ಆರ್ಲೀನ್‌ಳ ಮೇಜಿನೆದುರು ಕಾಯುತ್ತಿದ್ದ. ಕೈಯಲ್ಲಿ ಜೆರಾಕ್ಸ್ ಹಾಳೆ.

"ಹೋದ ವರ್ಷ ಪ್ರದರ್ಶನಕ್ಕೆ ಅಂತ ಆ ಪುಸ್ತಕದ ಒಂದು ಪುಟ ಪ್ರತಿ ಮಾಡ್ಕೊಂಡಿದ್ದೆ. ಪುಣ್ಯ ನೋಡಿ."

ಮಾರ್ನಾ ಓದಿದಳು. ಮೇ 1853. ವೆಸ್ಕಾಟ್ ಕೌಂಟಿಯ ಮಂಡಳಿ ಸಭೆ ಸೇರಿ, ಪ್ರೂಯಿಟ್ ಎಂಬವನು ಕೊಟ್ಟ ಜಾಗವನ್ನು ನ್ಯಾಯಾಲಯಕ್ಕೆ ಸ್ವೀಕರಿಸಿತು. ನ್ಯಾಯಾಲಯ ಅಲ್ಲಿಂದ ಹೋದರೆ ಜಾಗ ಅವನ ವಂಶಕ್ಕೆ.

"ಅಂದ್ರೆ, ಊರ ನಡುವಿನ ಈ ಚೌಕ ಪೂರ್ತಿ ನಿಮ್ಮದಾಗುತ್ತೆ?"

"ನಾನು ಬರೆದದ್ದಲ್ಲಮ್ಮ. ಚರಿತ್ರೆ."

ಮಾರ್ನಾ ಆರ್ಲೀನ್ ಕಡೆ ತಿರುಗಿದಳು. "ಪ್ರದರ್ಶನಕ್ಕೆ ಇವರಿಗೆ ಕೀ ಯಾರು ಕೊಟ್ರು?"

ಆರ್ಲೀನ್ ತಲೆ ತಗ್ಗಿಸಿದಳು. "ಒಂದೇ ದಿನಕ್ಕೆ ಅಂದ್ರು... ಹೇಳೋಕೆ ಹೆದರಿಕೆ ಆಯ್ತು."

"ಸುಮ್‌ಸುಮ್ನೆ ನಲವತ್ತು ಮೈಲಿ ಓಡಾಡ್ಸಿದ್ಯಲ್ಲೇ!"

ನಲವತ್ತು ಮೈಲಿ. ಮಾರ್ನಾ ಗಕ್ಕನೆ ನಿಂತಳು. ಅವಳ ಮನೆಯ ಗೋಡೆಯಲ್ಲಿ ಹಿರಿಯರ ಮದುವೆ ಪತ್ರ ತೂಗುತ್ತಿತ್ತು. 1854ರದು. ಎತ್ತಿನ ಬಂಡಿಯಲ್ಲಿ ನಲವತ್ತು ಮೈಲಿ ಹೋಗಿ ಪಕ್ಕದ ಡನ್ಮೋರ್ ಕೌಂಟಿಯಲ್ಲಿ ಬರೆಸಿದ್ದು. ತಾನೇ ಆ ಬಂಡಿಯಲ್ಲಿ ಕುಲುಕಿದವಳಂತೆ ಅಜ್ಜಿ ಸಾಯುವವರೆಗೂ ಗೊಣಗಿದ್ದಳು.

"ಲೈಲ್, 1853ರಲ್ಲಿ ಇಲ್ಲಿ ಮಂಡಳಿ ಎಲ್ಲಿತ್ತು?"

"ಕೌಂಟಿ ಹುಟ್ಟಿದ್ದು 1851ರಲ್ಲಿ!"

"ನಕ್ಷೆ ಮೇಲೆ ಹೆಸರಿಟ್ಟದ್ದು 1851. ಜನ ಇಲ್ಲ ಅಂತ ತೆರಿಗೆ, ಮದುವೆ, ಜಮೀನು ಎಲ್ಲಾ ಡನ್ಮೋರ್‌ಗೆ ಸೇರಿಸಿದ್ರು. ಮೊದಲ ಮಂಡಳಿ ಆಗಿದ್ದು 1856. ನೀವು ದಿನಾ ದಾಟೋ ಬಾಗಿಲ ಮೇಲೆ ಕೆತ್ತಿದೆಯಲ್ರೀ! ಪುಸ್ತಕ ತೆರೆದ್ರೆ ಮೊದಲ ಸಾಲಲ್ಲೇ ನಿಮ್ಮ ಪುಟ ಸುಳ್ಳು ಅಂತ ಗೊತ್ತಾಗ್ತಿತ್ತು. ಅದಕ್ಕೇ ಪುಸ್ತಕ ಮಾಯ. ಕೊಟ್ಟ ಕೀ ಹಿಂದಿರುಗ್ಸೋ ಮೊದ್ಲು ಇನ್ನೊಂದು ಮಾಡಿಸ್ಕೊಂಡ್ರಿ. ಈಗ ಹೊರಗೆ ನಿಲ್ಸಿರೋ ನಿಮ್ಮ ಟ್ರಕ್ ಬಾಗಿಲು ತೆಗೀರಿ."

ಸೀಟಿನ ಹಿಂದೆ, ಬಿತ್ತನೆ ಜೋಳದ ಚೀಲದೊಳಗೆ ಪುಸ್ತಕವಿತ್ತು.

*

ಎರಡಕ್ಕೆ ಹತ್ತು ನಿಮಿಷ. ಆರ್ಲೀನ್‌ಳ ಕೆಲಸ ಉಳಿಯಿತು. ಅವಳು ಪುಸ್ತಕ ತೆರೆದು 1856ರ ಮೊದಲ ನಿರ್ಣಯ ಓದಿದಳು: "ದಾಖಲೆ ಪೆಟ್ಟಿಗೆಗೆ ಒಂದು ಗಟ್ಟಿ ಬೀಗ ಹಾಕತಕ್ಕದ್ದು. ಕೀ ಗುಮಾಸ್ತರ ಬಳಿಯೇ ಇರತಕ್ಕದ್ದು. ಯಾರು ಕೇಳಿದರೂ ಕೊಡಕೂಡದು."

ಮಾರ್ನಾ ಟೋಪಿ ಕಳಚಿ ಮೇಜಿನ ಮೇಲೆ ಕುಕ್ಕಿದಳು.

"ಇಪ್ಪತ್ತಾರು ವರ್ಷ ಕಾವಲು ಕಾದ್ಯಲ್ಲೇ. ಒಂದ್ಸಲನಾದ್ರೂ ತೆಗೆದು ಓದ್ಬಾರದಿತ್ತಾ?"